ರೀಫಂಡ್ ರೊಕ್ಕ ನಿಮ್ಮದು, ಲಾಗಿನ್ ಯಾರ ಮೊಬೈಲಿನಲ್ಲಿದೆ?

"ಸರ್, ರಿಟರ್ನ್ ತುಂಬಿ ಆರು ತಿಂಗಳಾತು, ರೀಫಂಡ್ ಯಾವಾಗ ಬರ್ತದ?" ಅಂತ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ ಒಂದೇ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್‌ಗೆ ಯಾರ ಮೊಬೈಲ್ ನಂಬರ್ ಹಾಕಿದೆ? ಬಹಳ ಮಂದಿ ಹೇಳುವ ಉತ್ತರ: "ಅದು ನಮ್ಮ ರಿಟರ್ನ್ ತುಂಬೋರದ್ದೇ ಇರಬೇಕ್ರಿ."

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಲಾರಿ ಮಾಲೀಕರು, ಗಂಜ್‌ನ ಅಡತಿ ಅಂಗಡಿಯವರು, ಮಾಸ್ತರರು, ಜೀನ್ಸ್ ಯೂನಿಟ್ಟಿನವರು ಎಲ್ಲರದ್ದೂ ಇದೇ ಕಥೆ. ಬಯ್ಯುವುದು ರಿಟರ್ನ್‌ಗಳನ್ನು ಪ್ರೊಸೆಸ್ ಮಾಡುವ ಬೆಂಗಳೂರಿನ ಕೇಂದ್ರ ಸಿಪಿಸಿಯನ್ನು. ಸಿಪಿಸಿಯ ತಪ್ಪೂ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಸಿಪಿಸಿ ಕೇಳಿದ ಪ್ರಶ್ನೆ ನಿಮಗೆ ಮುಟ್ಟದೇ ಹೋದದ್ದರಿಂದಲೇ ನಿಂತುಹೋದ ರೀಫಂಡ್‌ಗಳು ನಮ್ಮ ಕಡೆ ತುಂಬಾ ಇವೆ.

ಪ್ರತಿ ನೋಟಿಸಿಗೂ ಒಂದು ಗಡುವು ಇರುತ್ತದೆ. (ಇಲ್ಲಿ ಹೇಳುವ ಸೆಕ್ಷನ್ ನಂಬರ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು.) ರಿಟರ್ನ್ ದೋಷಪೂರಿತ ಅಂತ 139(9) ಬಂದರೆ 15 ದಿನ. ಲೆಕ್ಕದಲ್ಲಿ ಬದಲಾವಣೆ ಮಾಡುತ್ತೇವೆ ಅಂತ 143(1)(ಎ) ಬಂದರೆ 30 ದಿನ. ಹಳೇ ಬಾಕಿಗೆ ನಿಮ್ಮ ರೀಫಂಡ್ ಮುರಿದುಕೊಳ್ಳುತ್ತೇವೆ ಅಂತ 245 ಬಂದರೆ 21 ದಿನ. ಈ ಮೆಸೇಜ್‌ಗಳೆಲ್ಲ ರಿಟರ್ನ್ ತುಂಬುವವರ ಅಂಗಡಿ ಹುಡುಗನ ಮೊಬೈಲಿಗೋ, ಯಾರೂ ತೆರೆಯದ ಇಮೇಲಿಗೋ ಹೋಗಿ ಬೀಳುತ್ತವೆ. ಗಡುವು ಮುಗಿದ ಮೇಲೆ ಕಂಪ್ಯೂಟರ್ ತನ್ನ ಲೆಕ್ಕದ ಪ್ರಕಾರ ಮುಂದೆ ಹೋಗುತ್ತದೆ.

ಲಾಗಿನ್ ವಾಪಸ್ ಪಡೆಯಲು ಯಾರನ್ನೂ ಕಾಡಬೇಕಿಲ್ಲ. ಇ-ಫೈಲಿಂಗ್ ಪೋರ್ಟಲ್ ತೆರೆದು ಪ್ಯಾನ್ ನಂಬರ್ ಹಾಕಿ, "ಫರ್ಗಾಟ್ ಪಾಸ್‌ವರ್ಡ್" ಒತ್ತಿ, ಆಧಾರ್ ಒಟಿಪಿ ಆರಿಸಿಕೊಳ್ಳಿ. ಹೊಸ ಪಾಸ್‌ವರ್ಡ್ ಆದ ಕೂಡಲೇ "ಮೈ ಪ್ರೊಫೈಲ್"ನಲ್ಲಿ ಕಾಂಟ್ಯಾಕ್ಟ್ ಡೀಟೇಲ್ಸ್‌ಗೆ ಹೋಗಿ ಪ್ರೈಮರಿ ಮೊಬೈಲ್, ಪ್ರೈಮರಿ ಇಮೇಲ್ ಎರಡನ್ನೂ ನಿಮ್ಮದಕ್ಕೆ ಬದಲಿಸಿ. ರಿಟರ್ನ್ ತುಂಬುವವರ ನಂಬರ್ ಬೇಕೇ ಬೇಕು ಅಂದರೆ ಸೆಕೆಂಡರಿ ಜಾಗದಲ್ಲಿ ಇರಲಿ. ಆಧಾರ್‌ಗೆ ಮೊಬೈಲ್ ಜೋಡಣೆ ಆಗಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಮುಗಿಸಿ. ಅದಿಲ್ಲದೆ ಮುಂದಿನ ಕೆಲಸ ಒಂದೊಂದೂ ಕುಂಟುತ್ತದೆ.

ರಿಟರ್ನ್ ಕಳಿಸಿದ 30 ದಿನದೊಳಗೆ ಇ-ವೆರಿಫೈ ಆಗಲೇಬೇಕು. "ರಿಟರ್ನ್ ಹಾಕಿದ್ದೀವಿ" ಅಂತ ಒಂದು ಹಾಳೆ ಕೊಟ್ಟು ಕಳಿಸುತ್ತಾರೆ, ವೆರಿಫೈ ಮಾಡಿರುವುದಿಲ್ಲ. 30 ದಿನ ದಾಟಿ ವೆರಿಫೈ ಮಾಡಿದರೆ ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ. ಆ ದಿನ ರಿಟರ್ನ್‌ನ ಗಡುವು ದಾಟಿದ್ದರೆ ಅದು ತಡವಾದ ರಿಟರ್ನ್: ದಂಡ 5,000 ರೂಪಾಯಿ, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಮೇಲಾಗಿ ಕಡಿತಗಳು ಸಿಗುವ ಹಳೇ ತೆರಿಗೆ ಪದ್ಧತಿ ಆರಿಸಿಕೊಳ್ಳುವ ಅವಕಾಶವೂ ಹೋಯಿತು. ಎಲ್‌ಐಸಿ, ಜಿಪಿಎಫ್, ಮನೆ ಸಾಲದ ಬಡ್ಡಿ ನಂಬಿ ಲೆಕ್ಕ ಹಾಕಿದ ರೀಫಂಡ್ ಅಲ್ಲಿಗೇ ಕರಗುತ್ತದೆ.

ರಿಟರ್ನ್ ಪ್ರೊಸೆಸ್ ಆಗಿದೆ, ರೀಫಂಡ್ ಮಂಜೂರೂ ಆಗಿದೆ, ಆದರೂ ರೊಕ್ಕ ಬಂದಿಲ್ಲ ಅಂದರೆ ಬ್ಯಾಂಕ್ ಖಾತೆ ನೋಡಿ. ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆದ ಖಾತೆಗೆ ಮಾತ್ರ ರೀಫಂಡ್ ಜಮಾ. ನಮ್ಮ ಕಡೆ ಹೆಸರುಗಳೇ ದೊಡ್ಡ ತೊಡಕು. ಪ್ಯಾನ್‌ನಲ್ಲಿ ಬಸವರಾಜ, ಪಾಸ್‌ಬುಕ್‌ನಲ್ಲಿ ಬಸವರಾಜಪ್ಪ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಆಧಾರ್‌ನಲ್ಲಿ "ಗೌಡ" ಇದೆ, ಪ್ಯಾನ್‌ನಲ್ಲಿ ಇಲ್ಲ. ಊರವರಿಗೆಲ್ಲ ಗೊತ್ತು ಅದು ಒಬ್ಬನೇ ಮನುಷ್ಯ ಅಂತ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಮೂರೂ ಕಡೆ ಒಂದೇ ಹೆಸರು ಮಾಡಿಸಿಕೊಳ್ಳಿ. ಬ್ಯಾಂಕಿನಲ್ಲಿ ಪ್ಯಾನ್ ಕೊಟ್ಟು ಕೆವೈಸಿಯನ್ನೂ ಮುಗಿಸಿ.

ಎರಡನೇ ತೊಡಕು ವಿಲೀನವಾದ ಬ್ಯಾಂಕುಗಳು. ಎಸ್‌ಬಿಎಚ್ (ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್) 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು, ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾಕ್ಕೆ ಸೇರಿತು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿವೆ, ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಇದೆ. ಹೋದ ವರ್ಷದ ರಿಟರ್ನ್ ನಕಲು ಮಾಡಿ ಈ ವರ್ಷದ್ದು ತುಂಬುವವರು ಹಳೇ ಐಎಫ್‌ಎಸ್‌ಸಿಯನ್ನೇ ಬಿಟ್ಟಿರುತ್ತಾರೆ. "ಮೈ ಬ್ಯಾಂಕ್ ಅಕೌಂಟ್"ನಲ್ಲಿ ಖಾತೆ ಮತ್ತೆ ವ್ಯಾಲಿಡೇಟ್ ಮಾಡಿ, "ನಾಮಿನೇಟ್ ಫಾರ್ ರೀಫಂಡ್" ಆನ್ ಮಾಡಿ. ಸ್ಟೇಟಸ್ "ರೀಫಂಡ್ ಫೇಲ್ಡ್" ಅಂತ ಇದ್ದರೆ ಸರ್ವಿಸಸ್‌ನಲ್ಲಿ "ರೀಫಂಡ್ ರೀಇಶ್ಯೂ" ಕೋರಿಕೆ ಹಾಕಬೇಕು. ಅದನ್ನು ಹಾಕದೆ ವರ್ಷಗಟ್ಟಲೆ ಕಾದರೂ ರೊಕ್ಕ ತಾನಾಗಿ ಬರುವುದಿಲ್ಲ. ಪ್ಯಾನ್-ಆಧಾರ್ ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಜೋಡಣೆ ಮುಗಿಯುವ ತನಕ ರೀಫಂಡ್ ಇಲ್ಲ, ಆ ಅವಧಿಯ ಬಡ್ಡಿಯೂ ಇಲ್ಲ.

ಇನ್ನು ಲಾರಿ ಮಾಲೀಕರ ವಿಷಯ. ಸಂಡೂರು, ತೋರಣಗಲ್ಲು ಕಡೆ ಅದಿರು ಹೊಡೆಯುವವರ ರೀಫಂಡ್ ಎಷ್ಟು ಸಲ ಕೆಡುತ್ತದೆ ಅಂದರೆ ಇದನ್ನು ಬಿಡಿಸಿ ಹೇಳಲೇಬೇಕು. ವರ್ಷದ ಯಾವ ದಿನವೂ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು 44ಎಇ ಪ್ರಕಾರ ಗಾಡಿ ಲೆಕ್ಕದಲ್ಲಿ ಅಂದಾಜು ಆದಾಯ ತೋರಿಸಬಹುದು. ಒಟ್ಟು ತೂಕ 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಅದಕ್ಕಿಂತ ಸಣ್ಣ ಗಾಡಿಗೆ ತಿಂಗಳಿಗೆ 7,500. ತೂಕ ಅಂದರೆ ಆರ್‌ಸಿಯಲ್ಲಿರುವ ಗ್ರಾಸ್ ವೆಹಿಕಲ್ ವೆಯ್ಟ್, ಹೇರುವ ಲೋಡಿನ ತೂಕ ಇದರಲ್ಲಿ ಬರುವುದಿಲ್ಲ.

28 ಟನ್ನಿನ ಎರಡು ಗಾಡಿ ವರ್ಷಪೂರ್ತಿ ಇದ್ದವು ಅಂತ ಇಟ್ಟುಕೊಳ್ಳಿ. 28 ಸಾವಿರವನ್ನು 12 ತಿಂಗಳಿಗೆ ಗುಣಿಸಿದರೆ ಒಂದು ಗಾಡಿಗೆ 3,36,000, ಎರಡಕ್ಕೆ 6,72,000. ಬಾಡಿಗೆ 60 ಲಕ್ಷ ಬಂದಿದ್ದು ಶೇ. 1ರಂತೆ ಟಿಡಿಎಸ್ (ರೊಕ್ಕ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) 60,000 ಹಿಡಿದಿದ್ದಾರೆ. 2024-25ರ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ 7 ಲಕ್ಷದ ತನಕ ರಿಬೇಟ್ ಇತ್ತು. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ, 60,000 ಪೂರಾ ವಾಪಸ್. ನಿಜವಾದ ಗಳಿಕೆ ಇದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದನ್ನೇ ತೋರಿಸಬೇಕು, ಕಾನೂನಿನಲ್ಲಿ ಹಾಗೇ ಬರೆದಿದೆ.

ಇದು ಕೆಡುವುದು ಎಲ್ಲಿ? ಕೆಲವರು ಇನ್ನೂ ಎಲ್ಲ ಗಾಡಿಗೂ 7,500ರ ಹಳೇ ಲೆಕ್ಕವನ್ನೇ ಹಾಕುತ್ತಾರೆ. ದೊಡ್ಡ ಗಾಡಿಗೆ ಆ ನಿಯಮ ಬದಲಾಗಿದ್ದು 2018ರ ಬಜೆಟ್‌ನಲ್ಲಿ. ಹಳೇ ಲೆಕ್ಕ ಹಾಕಿದರೆ ಅದೇ ಎರಡು ಗಾಡಿಯ ಆದಾಯ 1,80,000 ಆಗುತ್ತದೆ, ಅದು ಆದಾಯ ಕಡಿಮೆ ತೋರಿಸಿದ ತಪ್ಪು. ಇನ್ನು ಕೆಲವರು ಗಾಡಿ ನಂಬರ್, ಟನ್, ಎಷ್ಟು ತಿಂಗಳು ಅನ್ನುವ ಪಟ್ಟಿ ತುಂಬದೆ ಬೇರೆ ಸಣ್ಣ ವ್ಯಾಪಾರಗಳ ಅಂದಾಜು ಆದಾಯದ ಸೆಕ್ಷನ್ ಆದ 44ಎಡಿಯಲ್ಲಿ ಹಾಕಿಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಬೇರೆಯವರ ಗಾಡಿ ಬಾಡಿಗೆಗೆ ಹಿಡಿದು ಬಿಲ್ ತಮ್ಮ ಹೆಸರಿಗೆ ಮಾಡಿಸುವುದು. 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಜಮಾ ಆದ ಟಿಡಿಎಸ್ ಪಟ್ಟಿ) ಎಂಟು ಗಾಡಿಯಷ್ಟು ಬಾಡಿಗೆ, ರಿಟರ್ನ್‌ನಲ್ಲಿ ಎರಡು ಗಾಡಿ. ಕಂಪ್ಯೂಟರ್ ನಿಲ್ಲಿಸದೆ ಇನ್ನೇನು ಮಾಡೀತು? ಬಾಡಿಗೆಗೆ ಹಿಡಿದ ಗಾಡಿಯ ಕಮಿಷನ್ ಬೇರೆ ವ್ಯವಹಾರ, ಅದರ ಲೆಕ್ಕ ಬೇರೆ ಇಡಬೇಕು.

ಹತ್ತು ಅಥವಾ ಕಡಿಮೆ ಗಾಡಿ ಇರುವವರು ಪ್ಯಾನ್ ಸಮೇತ 194ಸಿ(6) ಡಿಕ್ಲರೇಶನ್ ಕೊಟ್ಟರೆ ಟಿಡಿಎಸ್ ಹಿಡಿಯುವಂತೆಯೇ ಇಲ್ಲ. ಒಂದು ಹಾಳೆಯ ಕೆಲಸ. ಏಪ್ರಿಲ್‌ನಲ್ಲಿ ಕೊಡಿ, ರೀಫಂಡ್‌ಗೆ ಕಾಯುವ ಪ್ರಸಂಗವೇ ಬರುವುದಿಲ್ಲ.

ಅಡತಿ ಅಂಗಡಿಗಳದ್ದು ಬೇರೆ ಥರದ ಗೋಜಲು. ರೈತರ ಹತ್ತಿ, ಭತ್ತ ಅಂಗಡಿಗೆ ಬರುತ್ತದೆ, ಮಿಲ್ಲಿನವರು ಕೊಳ್ಳುತ್ತಾರೆ, ಅಂಗಡಿಗೆ ಉಳಿಯುವುದು ಕಮಿಷನ್ ಮಾತ್ರ. ಆದರೆ ವಹಿವಾಟು 10 ಕೋಟಿ ಮೀರಿದ ಮಿಲ್ಲು ಒಂದು ಅಂಗಡಿಯಿಂದ 50 ಲಕ್ಷ ಮೀರಿ ಕೊಂಡರೆ 194ಕ್ಯೂ ಪ್ರಕಾರ ಮೀರಿದ ಮೊತ್ತಕ್ಕೆ ಶೇ. 0.1 ಟಿಡಿಎಸ್ ಹಿಡಿದು ಅಂಗಡಿಯ ಪ್ಯಾನ್‌ಗೆ ಹಾಕುತ್ತದೆ. ಮೂರು ಕೋಟಿ ಖರೀದಿ ಆದರೆ ಎರಡೂವರೆ ಕೋಟಿಗೆ 25,000. ರಿಟರ್ನ್‌ನಲ್ಲಿ ಕಮಿಷನ್ ಕೆಲವು ಲಕ್ಷ, 26ಎಎಸ್‌ನಲ್ಲಿ ಕೋಟಿಗಟ್ಟಲೆ. ಸಿಪಿಸಿ ನೀವು ಕೇಳಿದ ಟಿಡಿಎಸ್‌ನಲ್ಲಿ ಕಡಿಮೆ ಮಾಡಿ ಇಂಟಿಮೇಶನ್ (ಅದರ ಲೆಕ್ಕದ ಹಾಳೆ) ಕಳಿಸುತ್ತದೆ. ಆಗ ಕೈಯಲ್ಲಿ ಇರಬೇಕಾದದ್ದು ಎಪಿಎಂಸಿ ಲೈಸೆನ್ಸ್, ರೈತರ ಹೆಸರಿನ ಪಟ್ಟಿಗಳು, ಕಮಿಷನ್ ಖಾತೆ, ಜೊತೆಗೆ ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) 1986ರ 452ನೇ ಸುತ್ತೋಲೆ. ರೈತರ ಮಾಲನ್ನು ಕಮಿಷನ್‌ಗೆ ಮಾರಿಸುವ ಕಚ್ಚಾ ಅಡತಿಯ ಟರ್ನೋವರ್ ಅಂದರೆ ಕಮಿಷನ್ ಮಾತ್ರ, ಮಾಲಿನ ಬೆಲೆ ಅಲ್ಲ ಅಂತ ಅದರಲ್ಲಿ ಸ್ಪಷ್ಟವಿದೆ. ಇದನ್ನು ತಿಳಿಯದ ಕೆಲವರು ಅಂಗಡಿಯವರನ್ನು ಬೇಡದ ಟ್ಯಾಕ್ಸ್ ಆಡಿಟ್‌ಗೆ ದೂಡುತ್ತಾರೆ. ಇನ್ನು ಕೆಲವರು ಕಮಿಷನ್ ಆದಾಯವನ್ನು 44ಎಡಿಯಲ್ಲಿ ಹಾಕುತ್ತಾರೆ, ಕಮಿಷನ್‌ಗೆ ಆ ಸೆಕ್ಷನ್ ಅನ್ವಯಿಸುವುದೇ ಇಲ್ಲ.

ಮಾಸ್ತರರಿಗೆ, ಸರ್ಕಾರಿ ನೌಕರರಿಗೆ ಒಂದೇ ಮಾತು: ಅರಿಯರ್ಸ್ ಬಂದ ವರ್ಷ ಸೆಕ್ಷನ್ 89ರ ರಿಲೀಫ್ ಬೇಕಿದ್ದರೆ ರಿಟರ್ನ್‌ಗಿಂತ ಮೊದಲು 10ಇ ಫಾರ್ಮ್ ಹಾಕಿ. ಅದಿಲ್ಲದೆ ರಿಲೀಫ್ ತೋರಿಸಿದರೆ ರೀಫಂಡ್ ಬದಲು ಡಿಮ್ಯಾಂಡ್ ಬರುತ್ತದೆ. ಸಂಬಳ ಮಾಡುವ ಅಧಿಕಾರಿ (ಡಿಡಿಒ) ನಾಲ್ಕನೇ ತ್ರೈಮಾಸಿಕದ ಸಂಬಳದ ಟಿಡಿಎಸ್ ರಿಟರ್ನ್ ಆದ 24ಕ್ಯೂ ಹಾಕಿದ್ದಾರಾ ಅಂತ 26ಎಎಸ್ ನೋಡಿ ಖಾತ್ರಿ ಮಾಡಿಕೊಂಡೇ ರಿಟರ್ನ್ ತುಂಬಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದರ ಮೇಲೆ. "ಪೂರಾ ಟಿಡಿಎಸ್ ವಾಪಸ್ ತರಿಸ್ತೀನಿ, ನೂರಕ್ಕೆ ಹತ್ತು ನನಗೆ" ಅನ್ನುವವರು. ರಾಜಕೀಯ ಪಕ್ಷಕ್ಕೆ ದೇಣಿಗೆ, ಇಲ್ಲದ ಮನೆ ಬಾಡಿಗೆ, ಇಲ್ಲದ ಶಿಕ್ಷಣ ಸಾಲ, ಆರೋಗ್ಯವಾಗಿರುವವರಿಗೆ ಅಂಗವೈಕಲ್ಯದ ಕಡಿತ ಎಲ್ಲ ಬರೆಯುತ್ತಾರೆ. ನಿಯತ್ತಾಗಿ ಸಂಬಳ ತಗೊಂಡು ಬದುಕುವ ನೌಕರನಿಗೆ ತನ್ನ ರಿಟರ್ನ್‌ನಲ್ಲಿ ಏನು ಬರೆದಿದೆ ಅನ್ನುವುದೇ ಗೊತ್ತಿರುವುದಿಲ್ಲ. ಆದರೆ ಒಟಿಪಿ ಹೇಳಿದವನು ಅವನೇ, ಹೊಣೆಯೂ ಅವನದೇ. ಸುಳ್ಳು ತೋರಿಸಿ 40,000 ತೆರಿಗೆ ಉಳಿಸಿದ್ದರೆ ಆ 40,000, ಅದರ ಬಡ್ಡಿ, ಮೇಲೆ 270ಎ ಪ್ರಕಾರ ಶೇ. 200 ದಂಡ, ಅಂದರೆ 80,000. ಪರ್ಸೆಂಟೇಜ್ ತಗೊಂಡವರು ಆಗ ಫೋನ್ ಎತ್ತುವುದಿಲ್ಲ. ಸಿಎ ಆದವರು ರಿಟರ್ನ್ ಕೆಲಸಕ್ಕೆ ರೀಫಂಡ್‌ನ ಪರ್ಸೆಂಟೇಜ್ ಲೆಕ್ಕದಲ್ಲಿ ಫೀ ತಗೊಳ್ಳುವಂತಿಲ್ಲ, ಅದು ಅವರ ವೃತ್ತಿ ನಿಯಮಕ್ಕೆ ವಿರುದ್ಧ. ಪರ್ಸೆಂಟೇಜ್ ಮಾತು ಬಂದ ಕೂಡಲೇ ಎದ್ದು ಬನ್ನಿ.

2025ರ ಜುಲೈ 14ರಂದು ಇಲಾಖೆ ಇಂಥವರನ್ನೇ ಹುಡುಕಿ ದೇಶದ 150 ಕಡೆ ತಪಾಸಣೆ ಮಾಡಿತು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ತಾವೇ ಕೈಬಿಟ್ಟಿದ್ದರು ಅಂತ ಇಲಾಖೆಯೇ ಹೇಳಿದೆ. ಇದರ ಬಿಸಿ ಸರಿಯಾಗಿ ತುಂಬಿದವರಿಗೂ ತಟ್ಟಿದೆ: ಅನುಮಾನ ಬಂದ ರೀಫಂಡ್‌ಗಳನ್ನು ತಡೆಹಿಡಿದು ನೋಡುತ್ತಿದ್ದಾರೆ. ಪಾಲಿಸಿ ನಂಬರ್, ಸಾಲ ಕೊಟ್ಟ ಬ್ಯಾಂಕಿನ ಹೆಸರು ಎಲ್ಲ ರಿಟರ್ನ್‌ನಲ್ಲೇ ಕೇಳುತ್ತಿರುವುದು ಇದಕ್ಕೇ. ಹಳೇ ವರ್ಷದಲ್ಲಿ ನಿಮ್ಮ ಹೆಸರಿನಲ್ಲಿ ಹೀಗೆ ಆಗಿದ್ದು ಈಗ ಗೊತ್ತಾದರೆ ಐಟಿಆರ್-ಯು (ಹಳೇ ವರ್ಷದ್ದನ್ನು ತಿದ್ದುವ ರಿಟರ್ನ್) ಹಾಕಬಹುದು, ನಾಲ್ಕು ವರ್ಷದ ತನಕ ಅವಕಾಶ ಇದೆ. ತೆರಿಗೆ, ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25 ಹೆಚ್ಚುವರಿ, ತಡಮಾಡಿದಷ್ಟೂ ಏರಿ ಶೇ. 70ರ ತನಕ ಹೋಗುತ್ತದೆ.

ಯಾವ ನೋಟಿಸ್ ಬಂದರೂ ನಮ್ಮ ಕಡೆ "ಆಡಿಟ್ ಬಂತು" ಅಂತ ಗಾಬರಿ ಆಗುತ್ತಾರೆ. ಸ್ಕ್ರುಟಿನಿ ಅಂದರೆ 143(2) ಮಾತ್ರ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಅದು ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹಾಕಿದ್ದಕ್ಕೆ 2026ರ ಜೂನ್ 30 ಕೊನೆ. 143(1) ಇಂಟಿಮೇಶನ್ ಬರೀ ಲೆಕ್ಕದ ಹಾಳೆ. ಆ ಪಿಡಿಎಫ್‌ನ ಪಾಸ್‌ವರ್ಡ್ ನಿಮ್ಮ ಪ್ಯಾನ್ ಸಣ್ಣ ಅಕ್ಷರದಲ್ಲಿ, ಮುಂದೆ ಹುಟ್ಟಿದ ದಿನಾಂಕ ಎಂಟು ಅಂಕಿ. ಒಳಗೆ ಎರಡು ಕಾಲಂ: ಒಂದು ನೀವು ತೋರಿಸಿದ್ದು, ಇನ್ನೊಂದು ಸಿಪಿಸಿ ಲೆಕ್ಕ ಹಾಕಿದ್ದು. ಮೇಲಿನಿಂದ ಬೆರಳಿಟ್ಟು ಬನ್ನಿ. ಎರಡೂ ಬೇರೆಯಾದ ಮೊದಲ ಸಾಲಿನಲ್ಲೇ ನಿಮ್ಮ ರೊಕ್ಕ ನಿಂತಿರುತ್ತದೆ. ಅಲ್ಲಿ ಸಿಪಿಸಿ ತಪ್ಪಿದ್ದರೆ 154ರಲ್ಲಿ ತಿದ್ದುಪಡಿ ಕೇಳಿ. ಟಿಡಿಎಸ್ ಸಾಲಿನಲ್ಲಿ ವ್ಯತ್ಯಾಸ ಇದ್ದರೆ ಹಿಡಿದವರು ಅವರ ಟಿಡಿಎಸ್ ರಿಟರ್ನ್ ತಿದ್ದಬೇಕು, ಅವರ ಬೆನ್ನು ಹತ್ತಿ.

ಈಗ ಇಲಾಖೆಯ ತಪ್ಪು. ಕೈಬರಹದ ರಿಟರ್ನ್ ಕಾಲದ, ಯಾರಿಗೂ ನೋಟಿಸ್ ಮುಟ್ಟದ ಬಾಕಿಗಳನ್ನು ಹಿಡಿದು ಇವತ್ತಿನ ರೀಫಂಡ್ ಮುರಿದುಕೊಳ್ಳುವುದು ಅನ್ಯಾಯ. 2009-10ರ ಹಣಕಾಸು ವರ್ಷದ ತನಕದ 25,000ದೊಳಗಿನ, 2010-11ರಿಂದ 2014-15ರ 10,000ದೊಳಗಿನ ಬಾಕಿ ಕೈಬಿಡುವುದಾಗಿ 2024ರ ಫೆಬ್ರವರಿಯಲ್ಲಿ ಸರ್ಕಾರವೇ ಹೇಳಿತು, ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯಲ್ಲಿ. "ಪೆಂಡಿಂಗ್ ಆಕ್ಷನ್ಸ್"ನಲ್ಲಿ ನಿಮ್ಮ ಹೆಸರಿಗೆ ಅಂಥದ್ದು ಇನ್ನೂ ಉಳಿದಿದೆಯಾ ನೋಡಿ, ಒಪ್ಪುವುದಿಲ್ಲ ಅಂತ ಕಾರಣ ಬರೆದು ಉತ್ತರ ಕೊಡಿ.

ಪ್ರೊಸೆಸ್ ಮಾಡಲು ಸಿಪಿಸಿಗೆ ಕಾನೂನು ಕೊಟ್ಟ ಸಮಯವೂ ಉದ್ದ: ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳು. 2025ರ ಸೆಪ್ಟೆಂಬರ್‌ನ ರಿಟರ್ನ್‌ಗೆ 2026ರ ಡಿಸೆಂಬರ್ 31. ಅಲ್ಲಿಯ ತನಕ ನಿಮಗೆ ತಿಂಗಳಿಗೆ ಶೇ. 0.5 ಬಡ್ಡಿ ಸಲ್ಲಬೇಕು, ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಏಪ್ರಿಲ್ 1ರಿಂದಲೇ. ಮೇಲಿನ ಲಾರಿ ಮಾಲೀಕರ 60,000ಕ್ಕೆ ತಿಂಗಳಿಗೆ 300. ರೀಫಂಡ್ ಮೊತ್ತ ಒಟ್ಟು ತೆರಿಗೆಯ ಶೇ. 10ಕ್ಕಿಂತ ಕಡಿಮೆ ಇದ್ದರೆ ಬಡ್ಡಿ ಇಲ್ಲ. ಬಂದ ಬಡ್ಡಿಯನ್ನು ಮುಂದಿನ ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸಬೇಕು. ಪೋರ್ಟಲ್‌ನ "ಗ್ರೀವನ್ಸಸ್"ನಲ್ಲಿ ದೂರು ಕೊಡುವಾಗ "ರೀಫಂಡ್ ಬೇಗ ಕೊಡಿ" ಅಂತ ಬರೆದರೆ ಸಿದ್ಧ ಉತ್ತರ ಬಂದು ದೂರು ಮುಚ್ಚಿಹೋಗುತ್ತದೆ. ಅಕ್ನಾಲೆಜ್‌ಮೆಂಟ್ ನಂಬರ್, ವೆರಿಫೈ ಆದ ದಿನ, ಖಾತೆ ವ್ಯಾಲಿಡೇಟ್ ಆಗಿದೆ ಅನ್ನುವುದು, 26ಎಎಸ್‌ನ ಟಿಡಿಎಸ್ ಮೊತ್ತ, ಇಂಟಿಮೇಶನ್‌ನ ಯಾವ ಸಾಲು ತಪ್ಪು ಅನ್ನುವುದು, ಈ ಐದೂ ಬರೆಯಿರಿ. ಅಲ್ಲಿ ಆಗದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್.

ರಿಟರ್ನ್ ಹಾಕದೇ ಬಿಟ್ಟ ಹಳೇ ವರ್ಷಗಳ ಟಿಡಿಎಸ್ ಬಗ್ಗೆ ತುಂಬಾ ಮಂದಿ ಆಸೆ ಬಿಟ್ಟಿದ್ದಾರೆ. ಐಟಿಆರ್-ಯು ಹಾಕಿ ರೀಫಂಡ್ ಕೇಳಲು ಬರುವುದಿಲ್ಲ, ನಿಜ. ಆದರೆ 119(2)(ಬಿ) ಪ್ರಕಾರ ತಡವನ್ನು ಮನ್ನಿಸಿ ಅಂತ ಅರ್ಜಿ ಹಾಕಬಹುದು, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದು ಐದು ವರ್ಷದ ತನಕ. 1 ಕೋಟಿಯೊಳಗಿನ ಕ್ಲೇಮ್ ಪ್ರಿನ್ಸಿಪಲ್ ಕಮಿಷನರ್ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಬಡ್ಡಿ ಸಿಗುವುದಿಲ್ಲ, ಅಸಲು ಸಿಗುತ್ತದೆ. ತಡವಾದದ್ದಕ್ಕೆ ನಿಜವಾದ ಕಾರಣ, ಆಸ್ಪತ್ರೆ ಚೀಟಿಯೋ ಮರಣ ಪ್ರಮಾಣಪತ್ರವೋ, ಜೊತೆಗಿರಲಿ. 2021-22ರಲ್ಲಿ ಹಿಡಿದ ಟಿಡಿಎಸ್ 26ಎಎಸ್‌ನಲ್ಲಿ ಹಾಗೇ ಇದ್ದರೆ ನಿಮಗೆ 2028ರ ಮಾರ್ಚ್ 31ರ ತನಕ ಸಮಯ ಇದೆ.