ಎಲೆಕ್ಟ್ರಿಕಲ್ ಹುಡುಗರಿಗೆ ಸಬ್‌ಸ್ಟೇಷನ್ ಗೇಟು ತೆರೆಯಲಿ
ಮುಂದೆ ವಿದ್ಯುತ್ ಇಂಜಿನಿಯರ್‌ಗಳ ಕೊರತೆ ಬರುತ್ತದೆ, ತಯಾರಿ ಕಾಲೇಜಿನಲ್ಲೇ ಆಗಬೇಕು ಎಂಬ ಮಾತು ನೂರಕ್ಕೆ ನೂರು ನಿಜ. ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಓದಿದ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷದಲ್ಲಿ ಸಬ್‌ಸ್ಟೇಷನ್ ನೋಡಿದ್ದು ಒಂದೇ ಸಲ, ಅದೂ ಬೇಲಿ ಆಚೆಯಿಂದ. ಆಸೆ ಹುಟ್ಟೋದಾದರೂ ಹೇಗೆ?

ಗದಗಿನ ಕಪ್ಪತಗುಡ್ಡದ ಕಡೆ ಹೋದರೆ ಸಾಲುಸಾಲು ಗಾಳಿಯಂತ್ರ ಕಾಣುತ್ತವೆ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಗ್ರಿಡ್‌ನ, ಅಂದರೆ ಊರೂರಿಗೆ ವಿದ್ಯುತ್ ಸಾಗಿಸುವ ಜಾಲದ, ಆವರ್ತನ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು. ಇದನ್ನು ಸಂಭಾಳಿಸೋದು ಸುಮ್ನೆ ಪುಸ್ತಕ ಓದಿದರೆ ಬರಲ್ಲ. 2012ರ ಜುಲೈ 30, 31ರಂದು ಗ್ರಿಡ್ ಕುಸಿದು ಉತ್ತರ ಭಾರತ ಕತ್ತಲಾಗಿದ್ದು ನೆನಪಿದೆ ಅಲ್ವಾ? ಕೊನೆಯ ವರ್ಷದ ಒಂದು ಸೆಮಿಸ್ಟರ್ ಪೂರ್ತಿ ಹುಬ್ಬಳ್ಳಿ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂನ ಅನುಭವಿ ಇಂಜಿನಿಯರ್‌ಗಳ ಪಕ್ಕದಲ್ಲಿ ಕಳೆಯುವಂತಾಗಲಿ, ಸ್ಟೈಪೆಂಡ್ ಸಹಿತ.