ಸ್ಪಷ್ಟನೆ: ಬೆಂಗಳೂರಿನ ಫುಟ್‌ಬಾಲ್ ಅಭಿಮಾನ 2013ರಲ್ಲಿ ಹುಟ್ಟಿದ್ದಲ್ಲ

‘ಬೆಂಗಳೂರಿಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದೇ ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಬಂದ ಮೇಲೆ, ಅದಕ್ಕೂ ಮೊದಲು ಇಲ್ಲಿ ಅಭಿಮಾನಿಗಳೇ ಇರಲಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

ಬಿಎಫ್‌ಸಿ ಶುರುವಾದದ್ದು 2013ರಲ್ಲಿ, ಅಷ್ಟು ನಿಜ. ಆದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ದಾಖಲೆ ನೋಡಿ: ಅಂದಿನ ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ, ಅಂದರೆ ನಾಲ್ಕು ಬಾರಿ ಚಾಂಪಿಯನ್. 2023ರಲ್ಲಿ ಕರ್ನಾಟಕ ಮತ್ತೆ ಗೆದ್ದಾಗ ‘54 ವರ್ಷಗಳ ನಂತರ’ ಎಂದು ಪತ್ರಿಕೆಗಳು ಬರೆದದ್ದು ಇದೇ ಲೆಕ್ಕದಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಕೂಡ ಮೈಸೂರು ಸಂಸ್ಥಾನದವರೇ.

ಅಭಿಮಾನ ಕಣ್ಣಾರೆ ಕಾಣಬೇಕೇ? ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೇ ಪೆಲೆ ಪ್ರತಿಮೆಯೂ ನಿಂತಿದೆ, ಚೆಂಡಿನ ಸಮೇತ. ಆಟಗಾರನೊಬ್ಬನನ್ನು ಅಂಥವರ ಸಾಲಿನಲ್ಲಿ ನಿಲ್ಲಿಸಿದ ಕೇರಿಗೆ ಅಭಿಮಾನ ಹೊಸದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.