ಮನೆಯಲ್ಲೇ ಗುಟುಕು ಕೊಟ್ಟರೆ ಮಕ್ಕಳು ಮುಂದೆ ಅತಿಯಾಗಿ ಕುಡಿಯುವುದಿಲ್ಲವೇ?

ಹೆತ್ತವರು ತಮ್ಮ ಕಣ್ಣೆದುರಲ್ಲೇ ಒಂದೆರಡು ಗುಟುಕು ಮದ್ಯ ಕೊಟ್ಟು ರೂಢಿ ಮಾಡಿಸಿದರೆ ಮಕ್ಕಳು ಹೊರಗೆ ಮಿತಿಮೀರಿ ಕುಡಿಯುವುದಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಕೇಳಲು ಸರಿಯೆನಿಸುವ ಈ ಮಾತಿಗೆ ಆಧಾರವಿಲ್ಲ.

ಆಸ್ಟ್ರೇಲಿಯಾದಲ್ಲಿ 2010ರಿಂದ 2016ರವರೆಗೆ 1,927 ಹದಿಹರೆಯದವರನ್ನು ಗಮನಿಸಿ, 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಹೆತ್ತವರೇ ಮದ್ಯ ಕೊಡುವುದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ದೊರೆತ ಸುಳಿವಿಲ್ಲವೆಂದೂ, ಬದಲಿಗೆ ಒಮ್ಮೆಲೇ ಅತಿಯಾಗಿ ಕುಡಿಯುವ ಸಾಧ್ಯತೆಯೂ ಮರುವರ್ಷ ಇತರರಿಂದ ಮದ್ಯ ಪಡೆಯುವ ಸಾಧ್ಯತೆಯೂ ಅಂಥವರಲ್ಲಿ ಹೆಚ್ಚಿತ್ತೆಂದೂ ತಿಳಿಸಿತು. ಇಂಥ ಅಧ್ಯಯನವು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಪೂರ್ತಿಯಾಗಿ ಸಾಬೀತುಪಡಿಸುವುದಿಲ್ಲ, ನಿಜ. ಆದರೆ ಸಂದೇಶವು ಸಾರುವ ಲಾಭವಂತೂ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಮಗುವು ಆ ಗುಟುಕನ್ನು ಪಾಠವೆಂದಲ್ಲ, ಅನುಮತಿಯೆಂದು ಗ್ರಹಿಸುವ ಸಾಧ್ಯತೆಯೇ ಹೆಚ್ಚು. (ಮಿತವಾಗಿ ಕುಡಿ ಎನ್ನುವ ಹಿರಿಯರು ತಾವೇ ಮಿತಿಮೀರುವ ಮನೆಯಲ್ಲಿ ಮಾತಿಗಿಂತ ನೋಟವೇ ಹೆಚ್ಚು ಕಲಿಸುತ್ತದೆ.) ಸ್ಪಷ್ಟ ನಿಯಮವಿರುವ, ಮಗು ಎಲ್ಲಿ, ಯಾರೊಂದಿಗೆ ಇದೆಯೆಂಬುದು ಗೊತ್ತಿರುವ ಮನೆಗಳಲ್ಲಿ ಅತಿಕುಡಿತ ಸಾಮಾನ್ಯವಾಗಿ ಕಡಿಮೆ.

ಗೆಳೆಯರ ಪ್ರಭಾವವೂ ದೊಡ್ಡದೇ. ಅದು ಬಲವಂತದ ರೂಪದಲ್ಲೇ ಬರಬೇಕೆಂದಿಲ್ಲ. ಸಹಪಾಠಿಗಳು ವಾಸ್ತವವಾಗಿ ಕುಡಿಯುವುದಕ್ಕಿಂತ ಹೆಚ್ಚು ಕುಡಿಯುತ್ತಾರೆಂದು ವಿದ್ಯಾರ್ಥಿಗಳು ಅನೇಕ ವೇಳೆ ತಪ್ಪಾಗಿ ಭಾವಿಸಿ, ಆ ಕಲ್ಪಿತ ಅಳತೆಗೆ ತಮ್ಮನ್ನು ಹೊಂದಿಸಿಕೊಳ್ಳುತ್ತಾರೆ.